ಅಮೆರಿಕ ಸರಿ, ಅಮೆರಿಕದಲ್ಲಿ ಯಾವ ಊರು?

ಹೋದ ತಿಂಗಳು ಹಾಸನದಿಂದ ನನ್ನ ಕಾಲೇಜಿನ ಜೂನಿಯರ್ ಒಬ್ಬ ಫೋನ್ ಮಾಡಿದ್ದ. ಎಂಎಸ್ ಓದಲು ಎರಡು ಕಡೆ ಸೀಟು ಸಿಕ್ಕಿದೆಯಂತೆ, ಒಂದು ಡಲ್ಲಾಸ್ ಹತ್ತಿರ, ಇನ್ನೊಂದು ಷಿಕಾಗೊದಲ್ಲಿ. ನಾನು ಎರಡೂ ಊರಲ್ಲಿ ಇದ್ದವನು ಎಂದು ಯಾರೋ ಹೇಳಿದ್ದರು. ‘ಅಣ್ಣ, ಯಾವುದಕ್ಕೆ ಹೋಗ್ಲಿ?’ ಅಂದ. ‘ನಿಂಗೆ ಕಾರು ಓಡ್ಸಕ್ಕೆ ಬರುತ್ತಾ?’ ಎಂದು ಕೇಳಿದೆ. ತಮಾಷೆ ಅಂದುಕೊಂಡು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಅಮೆರಿಕಕ್ಕೆ ಹೊರಡುವ ನಾವು ರ‍್ಯಾಂಕಿಂಗ್ ನೋಡುತ್ತೇವೆ, ಫೀಸು ನೋಡುತ್ತೇವೆ, ಆಮೇಲೆ ಪ್ಯಾಕೇಜ್ ನೋಡುತ್ತೇವೆ. ಊರನ್ನು ಮಾತ್ರ ನೋಡುವುದಿಲ್ಲ. ಅಲ್ಲಿಗೆ ಹೋದ ಮೇಲೆ ಹೇಗೋ ಆಗುತ್ತದೆ ಎಂಬ ಧೈರ್ಯ. 2014ರ ಆಗಸ್ಟ್‌ನಲ್ಲಿ ನಾನೂ ಅದೇ ಧೈರ್ಯದಲ್ಲಿ ಡಲ್ಲಾಸ್‌ಗೆ ಬಂದಿಳಿದೆ.

ಮೊದಲ ವಾರ ಅಕ್ಕಿ ತರಲು ನಡೆದುಕೊಂಡು ಹೊರಟೆ. ಅಂಗಡಿ ಇದ್ದದ್ದು ಎರಡು ಕಿಲೋಮೀಟರ್ ದೂರ. ಹಾಸನದಲ್ಲಿ ಅದೊಂದು ದೂರವೇ? ಅರ್ಧ ದಾರಿಗೆ ಫುಟ್‌ಪಾತ್ ಮುಗಿದುಹೋಯಿತು. ಮುಂದೆ ಹುಲ್ಲು, ಪಕ್ಕದಲ್ಲಿ ಆರು ಲೇನ್ ರಸ್ತೆ, ತಲೆ ಮೇಲೆ ನಮ್ಮ ರಾಯಚೂರಿನ ಬಿಸಿಲು. ಮುದುಕರೊಬ್ಬರು ಕಾರು ನಿಲ್ಲಿಸಿ, ‘ನಿನ್ನ ಕಾರು ಎಲ್ಲಿ ಕೆಟ್ಟು ನಿಂತಿದೆ?’ ಎಂದು ಕೇಳಿದರು. ಕಾರೇ ಇಲ್ಲ ಎಂದಾಗ ಅವರ ಮುಖದಲ್ಲಿ ಮೂಡಿದ ಕನಿಕರ ಇವತ್ತಿಗೂ ನೆನಪಿದೆ. ಒಳ್ಳೆಯವರು, ಅಂಗಡಿವರೆಗೂ ಬಿಟ್ಟರು.

ಡಲ್ಲಾಸ್‌ನಲ್ಲಿ ರೈಲು ಇಲ್ಲ ಎಂದಲ್ಲ. ‘ಡಾರ್ಟ್’ ಎಂಬ ಲೈಟ್ ರೈಲು ಸುಮಾರು 150 ಕಿ.ಮೀ. ಇದೆ. ಆದರೆ ಸ್ಟೇಷನ್ನಿಂದ ಮನೆಗೆ, ಮನೆಯಿಂದ ಆಫೀಸಿಗೆ ಹೋಗುವುದು ಹೇಗೆ? ಊರು ಅಷ್ಟು ಹರಡಿಕೊಂಡಿದೆ. ನಾವು ನಾಲ್ವರು ಇದ್ದ ಫ್ಲ್ಯಾಟ್‌ನಲ್ಲಿ ಕಾರಿದ್ದವನೇ ರಾಜ. ಅವನ ಪಾತ್ರೆಯನ್ನೂ ನಾವೇ ತೊಳೆಯುತ್ತಿದ್ದೆವು.

ಹಳೆಯ ಕಾರೊಂದನ್ನು ಕೊಂಡ ದಿನ ಡಲ್ಲಾಸ್ ಬೇರೆ ಊರೇ ಆಗಿಬಿಟ್ಟಿತು, ಇದನ್ನೂ ಹೇಳಬೇಕು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ದೇವಸ್ಥಾನ, ದೋಸೆ, ಭಾನುವಾರದ ಕ್ರಿಕೆಟ್‌ ಯಾವುದಕ್ಕೂ ಕೊರತೆ ಇಲ್ಲ. ಕಂಪನಿಗಳೂ ಅಲ್ಲಿಗೇ ಬರುತ್ತಿದ್ದವು. ಟೊಯೊಟಾ ತನ್ನ ಉತ್ತರ ಅಮೆರಿಕದ ಮುಖ್ಯ ಕಚೇರಿಯನ್ನು ಕ್ಯಾಲಿಫೋರ್ನಿಯಾದಿಂದ ಪಕ್ಕದ ಪ್ಲೇನೊಗೆ ತಂದದ್ದು 2017ರಲ್ಲಿ, ನಾನು ಅಲ್ಲಿದ್ದಾಗಲೇ. ಹತ್ತಿರದ ಫ್ರಿಸ್ಕೊದಲ್ಲಿ ಮನೆ ಕೊಂಡಿರುವ ನನ್ನ ಗೆಳೆಯನ ಹಿತ್ತಲು ನಮ್ಮೂರಿನ ಮದುವೆಯ ಚಪ್ಪರ ಹಾಕುವಷ್ಟಿದೆ.

2018ರಲ್ಲಿ ನನ್ನ ಕೆಲಸ ಹೋಯಿತು. ನಾನಿದ್ದ ಇಡೀ ತಂಡವನ್ನೇ ಕಂಪನಿ ತೆಗೆಯಿತು. ಎಚ್-1ಬಿ ವೀಸಾದವರಿಗೆ ಇಂಥ ಹೊತ್ತಲ್ಲಿ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ನಮ್ಮ ಪರವಾಗಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಬೇರೆ ಯಾವುದಾದರೂ ವೀಸಾಗೆ ಬದಲಾಗಬೇಕು ಅಥವಾ ದೇಶ ಬಿಡಬೇಕು. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನ ಹೊಡೆದುಹಾಕುತ್ತಿದ್ದೆ. ಅಮ್ಮನಿಗೆ ಹೇಳಿರಲಿಲ್ಲ. ಭಾನುವಾರ ಜೊತೆಗೆ ಕ್ರಿಕೆಟ್ ಆಡುತ್ತಿದ್ದ ತೆಲುಗಿನವರೊಬ್ಬರು ತಮ್ಮ ಕಂಪನಿಯಲ್ಲಿ ಹೇಳಿದರು. ಅದರ ಷಿಕಾಗೊ ಕಚೇರಿಯಲ್ಲಿ ಜಾಗವಿತ್ತು. 52ನೇ ದಿನ ಅರ್ಜಿ ಸಲ್ಲಿಕೆಯಾಯಿತು.

ಅದೇ ವರ್ಷ ನನ್ನ ಬ್ಯಾಚಿನ ಇನ್ನೊಬ್ಬನಿಗೂ ಹೀಗೇ ಆಯಿತು. ಅವನಿದ್ದದ್ದು ಒಂದೇ ದೊಡ್ಡ ಕಾರ್ಖಾನೆಯ ಸಣ್ಣ ಊರಲ್ಲಿ. ನನಗಿಂತ ಬುದ್ಧಿವಂತ, ಸಂಬಳವೂ ಹೆಚ್ಚಿತ್ತು. ಆದರೆ ಆ ಊರಲ್ಲಿ ಅವನ ಕೆಲಸ ಬಲ್ಲ ಎರಡನೇ ಕಂಪನಿ ಇರಲಿಲ್ಲ, ಪರಿಚಯದವರೆಲ್ಲ ಅದೇ ಕಾರ್ಖಾನೆಯವರು. ಊರೂರಿಗೆ ಅರ್ಜಿ ಹಾಕಿದ. 58ನೇ ದಿನ ಸೋಫಾ, ಹಾಸಿಗೆ ಮಾರಿ ಬೆಂಗಳೂರಿನ ವಿಮಾನ ಹತ್ತಿದ.

ಅವತ್ತಿನಿಂದ ನಾನು ಊರನ್ನು ನೋಡುವ ರೀತಿ ಬದಲಾಯಿತು. ಮೊದಲ ಕೆಲಸ ಎಲ್ಲಿ ಸಿಗುತ್ತದೆ ಎನ್ನುವುದಕ್ಕಿಂತ ಎರಡನೆಯದು ಎಲ್ಲಿ ಸಿಗುತ್ತದೆ ಎಂಬುದೇ ಮುಖ್ಯ. ಸಿಲಿಕಾನ್ ವ್ಯಾಲಿಯ ಆಕರ್ಷಣೆ ಇರುವುದೂ ಇಲ್ಲೇ. ಕಂಪನಿ ಬಿಟ್ಟವನು ಪೈಪೋಟಿಯ ಕಂಪನಿಗೆ ಸೇರಬಾರದು ಎಂಬ ಕರಾರಿಗೆ ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೂ ಕಿಮ್ಮತ್ತಿಲ್ಲ. ಬೆಳಿಗ್ಗೆ ಇಲ್ಲಿ ಬಿಟ್ಟು ಮಧ್ಯಾಹ್ನ ಎದುರಿನ ಕಟ್ಟಡಕ್ಕೆ ಸೇರಬಹುದು. ಬಾಸ್ಟನ್ ಪಕ್ಕದ ಕಂಪ್ಯೂಟರ್ ಕಂಪನಿಗಳನ್ನು ಈ ಕಣಿವೆ ಹಿಂದೆ ಹಾಕಿದ್ದಕ್ಕೆ ಜನರ ಈ ಓಡಾಟವೂ ಒಂದು ಕಾರಣ ಎಂದು ಆನಾಲೀ ಸ್ಯಾಕ್ಸೇನಿಯನ್ 1994ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಬಾಡಿಗೆ ಮಾತ್ರ ಕೇಳಬೇಡಿ. ಡಲ್ಲಾಸ್‌ನಲ್ಲಿ ಇಡೀ ಫ್ಲ್ಯಾಟ್‌ಗೆ ನಾವು ಕೊಡುತ್ತಿದ್ದ ದುಡ್ಡಿಗೆ ಸನಿವೇಲ್‌ನ ಗೆಳೆಯನಿಗೆ ಒಂದು ರೂಮು ಸಿಕ್ಕಿತ್ತು.

ದೊಡ್ಡ ಊರಾದರೆ ಸಾಕು ಎಂದೂ ಅಲ್ಲ. ಕಾರು ತಯಾರಿಕೆಯನ್ನೇ ನಂಬಿದ್ದ ಡೆಟ್ರಾಯಿಟ್ ನಗರದಲ್ಲಿ 1950ರಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. 2020ರ ಗಣತಿಯಲ್ಲಿ 7 ಲಕ್ಷವೂ ಇಲ್ಲ. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ನಿಮ್ಮ ವಿಷಯ ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬಯೊಟೆಕ್ ಓದಿದವರಿಗೆ ಬಾಸ್ಟನ್, ಪೆಟ್ರೋಲಿಯಂ ಓದಿದವರಿಗೆ ಹ್ಯೂಸ್ಟನ್ ತೋರಿಸುವ ಬಾಗಿಲುಗಳನ್ನು ಬೇರೆ ಊರು ತೋರಿಸುವುದು ಕಷ್ಟ.

ಷಿಕಾಗೊ ನನಗೆ ಇಷ್ಟವಾಗಿದ್ದು ಮೊದಲ ರಾತ್ರಿಯೇ. ಓಹೇರ್ ವಿಮಾನ ನಿಲ್ದಾಣದ ಒಳಗೇ ಬ್ಲೂ ಲೈನ್ ರೈಲು ಹತ್ತಿದೆ. ಅದು 24 ಗಂಟೆಯೂ ಓಡುತ್ತದೆ. ಯಾರನ್ನೂ ‘ಪಿಕಪ್ ಮಾಡ್ತೀರಾ’ ಎಂದು ಬೇಡದೆ ಎರಡು ಸೂಟ್‌ಕೇಸ್ ಸಮೇತ ಊರೊಳಗೆ ಬಂದಿಳಿದಾಗ ನಾಲ್ಕು ವರ್ಷಗಳ ಮೇಲೆ ಮತ್ತೆ ಕಾಲು ಬಂದಂತಾಯಿತು. ಕಾರು ಮಾರಿದೆ. ಇಲಿನಾಯ್ ರಾಜ್ಯ 4.95% ಆದಾಯ ತೆರಿಗೆ ಹಿಡಿಯುತ್ತದೆ, ನಿಜ. 80 ಸಾವಿರ ಡಾಲರ್ ಸಂಬಳಕ್ಕೆ ಅದು ಹೆಚ್ಚುಕಡಿಮೆ 4 ಸಾವಿರ. ಕಾರಿನ ಇನ್ಶೂರೆನ್ಸ್, ಪೆಟ್ರೋಲು, ರಿಪೇರಿಗೆ ಡಲ್ಲಾಸ್‌ನಲ್ಲಿ ಅದಕ್ಕಿಂತ ಹೆಚ್ಚು ಸುರಿದಿದ್ದೆ. ಸಂಜೆ ಮಿಷಿಗನ್ ಸರೋವರದ ದಂಡೆಯಲ್ಲಿ 29 ಕಿ.ಮೀ. ಉದ್ದದ ದಾರಿ, ನಡೆಯಲು ಟಿಕೆಟ್ ಇಲ್ಲ. ಸೊಪ್ಪು, ಬೇಳೆ ಬೇಕಾದರೆ ರೈಲಿಳಿದು ಬಸ್ ಹತ್ತಿದರೆ ಡೆವೊನ್ ಅವೆನ್ಯೂ. ರಾಜ್ಯೋತ್ಸವಕ್ಕೆ ವಿದ್ಯಾರಣ್ಯ ಕನ್ನಡ ಕೂಟ ಇದೆ, ಅದಕ್ಕೆ ಮಾತ್ರ ಯಾರದಾದರೂ ಕಾರಿನಲ್ಲಿ ಜಾಗ ಕೇಳಬೇಕು.

ಚಳಿ? 2019ರ ಜನವರಿ 30ರಂದು ಇಲ್ಲಿ ಮೈನಸ್ 30 ಡಿಗ್ರಿ. ಅದು ನನ್ನ ಮೊದಲ ಚಳಿಗಾಲ. ಕಿಟಕಿ ಬಳಿ ಇಟ್ಟಿದ್ದ ಕರಿಬೇವಿನ ಗಿಡ ಒಂದೇ ರಾತ್ರಿಗೆ ಸತ್ತಿತು. ಫ್ರಿಸ್ಕೊದ ಗೆಳೆಯ ತನ್ನ ಹಿತ್ತಲಿನ ಕರಿಬೇವಿನ ಫೋಟೊ ಕಳಿಸಿ, ‘ನಿಂಗೆ ಮದ್ವೆ ಆಗಿ ಎರಡು ಮಕ್ಳಾಗ್ಲಿ, ಆಮೇಲೆ ರೈಲಿನ ಭಾಷಣ ಮಾಡು’ ಎಂದ. ಅವನ ಮಾತಲ್ಲೂ ಹುರುಳಿದೆ. ನಾನು ಹೇಳುತ್ತಿರುವುದು ಒಂಟಿಯಾಗಿ, ಸಾಲ ಹೊತ್ತು ಬರುವ 22ರ ಹುಡುಗ ಹುಡುಗಿಯರ ಮೊದಲ ಐದು ವರ್ಷದ ಮಾತು. ವೀಸಾ ನಿಯಮ ಯಾವಾಗ ಬದಲಾಗುತ್ತದೋ ಹೇಳಲಾಗದು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಯಾರೂ ಮಲಗಿರಲಿಲ್ಲ. ಇಂಥದ್ದರ ನಡುವೆ ಊರನ್ನಾದರೂ ನೋಡಿ ಆರಿಸಿಕೊಳ್ಳಬಹುದಲ್ಲ?

ಜೂನಿಯರ್ ಕೊನೆಗೆ ಡಲ್ಲಾಸ್‌ಗೇ ಹೋಗುವುದೆಂದು ನಿರ್ಧರಿಸಿದ್ದಾನೆ. ಅಲ್ಲಿ ಫೀಸು ಕಡಿಮೆ, ಬ್ಯಾಂಕ್ ಸಾಲ ಅಪ್ಪನ ಹೆಸರಲ್ಲಿದೆ. ನಾನು ಬೇಡ ಎನ್ನಲಿಲ್ಲ. ಮೊನ್ನೆ ಒಂದು ಮ್ಯಾಪ್ ಕಳಿಸಿದ್ದ: ‘ಅಣ್ಣ, ಡಾರ್ಟ್ ಸ್ಟೇಷನ್ನಿಂದ ರೂಮಿಗೆ 700 ಮೀಟರ್. ಫುಟ್‌ಪಾತ್ ಇದ್ಯಾ ನೋಡಿ ಹೇಳ್ತೀರಾ?’ ಗೂಗಲ್‌ನಲ್ಲಿ ಆ ರಸ್ತೆಯ ಫೋಟೊಗಳನ್ನು ತೆಗೆದು ಇಬ್ಬರೂ ಫೋನಿನಲ್ಲೇ ಆ ತುದಿಯಿಂದ ಈ ತುದಿವರೆಗೆ ನೋಡಿದೆವು. ಇದೆ, ಒಂದು ಬದಿಗೆ ಮಾತ್ರ.