ಬೆರಳ ತುದಿಯೂ ಬೆಲ್ವೆಡಿಯರ್ ಮಹಲೂ

ಈಚೆಗೆ ಒಂದು ಭಾನುವಾರ ಬೆಹಾಲಾದ ಕನ್ನಡ ಮನೆಯೊಂದಕ್ಕೆ ಕಾಫಿಗೆ ಹೋಗಿದ್ದೆವು. ಆ ಮನೆಯ ಹುಡುಗಿ ಬಿ.ಎ.ಗೆ ಬಂಗಾಳಿ ಸಾಹಿತ್ಯ ಓದುತ್ತಾಳೆ. ಬಂಕಿಮಚಂದ್ರರ ಕಾದಂಬರಿಗಳು ಬೇರೆ ಭಾಷೆಗೆ ಹೋದ ಬಗೆಯನ್ನು ಕುರಿತು ಪ್ರಬಂಧ ಬರೆಯಬೇಕಂತೆ. ಕನ್ನಡವನ್ನೇ ಆರಿಸಿಕೊಂಡಿದ್ದಳು, ನಮಗೆ ಸಂತೋಷವಾಯಿತು.

ನಮ್ಮೆದುರಿಗೇ ಗೂಗಲ್‌ನಲ್ಲಿ ಹುಡುಕಿದಳು. ಲೋಟ ಬರಿದಾಗುವುದರೊಳಗೆ ಉತ್ತರ ಸಿಕ್ಕಿತು: ಬಿ. ವೆಂಕಟಾಚಾರ್ಯರು, 1845ರಿಂದ 1914. ‘ದುರ್ಗೇಶನಂದಿನಿ’ಯನ್ನು 1885ರಲ್ಲಿ ಕನ್ನಡಕ್ಕೆ ತಂದವರು. “ಹತ್ತು ಕಡೆ ಇದೇ ಇದೆ ಮಾಮಾ, ಇನ್ನೇನು ಬೇಕು?” ಎಂದಳು. ಕನ್ನಡಕ ಹಾಕಿಕೊಂಡು ನೋಡಿದೆವು. ಹತ್ತು ಕಡೆಯೂ ಅವೇ ಎರಡು ವಾಕ್ಯ, ಅಲ್ಪವಿರಾಮ ಸಹಿತ! ಒಬ್ಬರು ಬರೆದದ್ದನ್ನು ಒಂಬತ್ತು ಜನ ನಕಲಿಳಿಸಿದರೆ ಸಾಕ್ಷಿ ಹತ್ತಾಗುವುದುಂಟೆ? ಆದರೂ ನಾವು ಸುಮ್ಮನಿದ್ದೆವು.

ಮರುವಾರ ಅವಳ ಅಧ್ಯಾಪಕರೇ ಕೇಳಿದರಂತೆ: ಬಂಕಿಮರ ಗದ್ಯ ಕನ್ನಡದಲ್ಲಿ ಏನಾಯಿತು, ಏನು ಉಳಿಯಿತು, ಏನು ಬಿಟ್ಟುಹೋಯಿತು? ಗೂಗಲ್ ಮೌನ ತಾಳಿತು. ಪಾಪ, ಅದರ ತಪ್ಪಲ್ಲ. ಯಾರಾದರೂ ಬರೆದು ಅಲ್ಲಿಟ್ಟಿದ್ದರೆ ತಾನೆ ತಂದು ಕೊಡುವುದು? ಹಳೆಯ ಕನ್ನಡ ಅಚ್ಚಿನ ಪುಟಗಳಿಗೆ ಚಿತ್ರ ತೆಗೆದಿಟ್ಟಿದ್ದರೂ, ಅದರಲ್ಲಿನ ಅಕ್ಷರಗಳನ್ನು ಯಂತ್ರ ಎಷ್ಟೋ ಸಲ ತಪ್ಪಾಗಿ ಓದುತ್ತದೆ.

ಮಾಝೇರ್‌ಹಾಟ್ ಸೇತುವೆ ದಾಟಿದರೆ ಅಲಿಪುರ. ಅಲ್ಲಿ ಬೆಲ್ವೆಡಿಯರ್ ಮಹಲಿನಲ್ಲಿ 1953ರಲ್ಲಿ ಜನರಿಗೆ ಬಾಗಿಲು ತೆರೆದ ರಾಷ್ಟ್ರೀಯ ಗ್ರಂಥಾಲಯ. ಸ್ವತಂತ್ರ ಭಾರತದಲ್ಲಿ ಅದರ ಮೊದಲ ಗ್ರಂಥಪಾಲರಾದ ಬಿ. ಎಸ್. ಕೇಶವನ್‌ರವರು ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿದ್ದವರು. 1954ರ ಕಾನೂನಿನ ಪ್ರಕಾರ ಧಾರವಾಡದಲ್ಲಿ ಅಚ್ಚಾದರೂ ಪುಸ್ತಕದ ಒಂದು ಪ್ರತಿ ಇಲ್ಲಿಗೆ ಬರಬೇಕು. ಅದಕ್ಕೂ ಹಿಂದಿನ ಕನ್ನಡ ಪುಸ್ತಕಗಳೂ ಇಲ್ಲಿವೆ. ನಾವೋ, ಮಕ್ಕಳನ್ನು ಪಕ್ಕದ ಮೃಗಾಲಯಕ್ಕೆ ಮಾತ್ರ ಕರೆದೊಯ್ದವರು.

ಹುಡುಗಿ ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಗ್ರಂಥಾಲಯದ ಸೂಚಿ ನೋಡಿ ಪುಸ್ತಕದ ಸಂಖ್ಯೆ ಗುರುತು ಹಾಕಿಕೊಂಡಳು. (ಯಂತ್ರವನ್ನು ಬೈಯುವವರು ಇದನ್ನು ಗಮನಿಸಬೇಕು.) ಚೀಟಿ ಬರೆದು ಕೊಟ್ಟು ಬಹಳ ಹೊತ್ತು ಕಾದಮೇಲೆ ವೆಂಕಟಾಚಾರ್ಯರ ಅನುವಾದವೊಂದು ಕೈಗೆ ಬಂತು. ಮುಟ್ಟಿದರೆ ಪುಡಿಯಾಗುವಂಥ ಕಾಗದ. ಆಗ ತಿಳಿಯಿತು ನಿಜವಾದ ತೊಡಕು. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಹುಡುಗಿಗೆ ಕನ್ನಡ ಓದಲು ಬಾರದು!

ವಾಚಕರೇ, ನಮ್ಮ ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳಿಗೆ ಬರುತ್ತದೆ?

ಮರುದಿನ ಅಮ್ಮ ಆಫೀಸಿಗೆ ರಜ ಹಾಕಿ ಜೊತೆಗೆ ಹೋದರು. ಅಮ್ಮ ಪಿಸುದನಿಯಲ್ಲಿ ಓದುವುದು, ಮಗಳು ಬಂಗಾಳಿ ಲಿಪಿಯಲ್ಲಿ ಬರೆದುಕೊಳ್ಳುವುದು. ಬಂಕಿಮರ ಮೂಲವನ್ನು ಮಗ್ಗುಲಲ್ಲಿಟ್ಟು, ಎರಡೂ ಕಡೆ ಅದೇ ಸಂಸ್ಕೃತ ಶಬ್ದ ಉಳಿದಿದ್ದಲ್ಲೆಲ್ಲ ಗೆರೆ ಎಳೆದಳಂತೆ, ಪುಸ್ತಕದಲ್ಲಲ್ಲ, ತನ್ನ ಟಿಪ್ಪಣಿಯಲ್ಲಿ. ಸಂಜೆಯ ಹೊತ್ತಿಗೆ ನಾಲ್ಕು ಪುಟ ಮುಗಿಯಿತು.

ಅಮ್ಮನಿಗೆ ಇನ್ನು ರಜ ಸಿಗುವ ಹಾಗಿಲ್ಲ. ಹುಡುಗಿ ನಮ್ಮಲ್ಲಿಂದ ಒಂದನೆಯ ತರಗತಿಯ ಕನ್ನಡ ಪುಸ್ತಕ ಒಯ್ದಿದ್ದಾಳೆ. ಬಂಗಾಳಿಯಲ್ಲಿಲ್ಲದ ‘ಳ’ದ ಹತ್ತಿರ ಸ್ವಲ್ಪ ತಡೆದಿದ್ದಾಳೆಂದು ವರ್ತಮಾನ.