ಕೊತ್ತಂಬರಿ ಕಾಳಿನಷ್ಟು ಉಬ್ಬು

ತಲೆಸುತ್ತು, ತಲೆನೋವು ಅಂತ ಸ್ಕ್ಯಾನ್ ಮಾಡಿಸಲು ಹೋದವರಿಗೆ ಮೆದುಳಿನ ರಕ್ತನಾಳದಲ್ಲಿ ಸಣ್ಣ ಉಬ್ಬು ಇದೆಯೆಂದು ಆಕಸ್ಮಿಕವಾಗಿ ಗೊತ್ತಾಗುವುದುಂಟು. ಹಳೇ ಸೈಕಲ್ ಟ್ಯೂಬು ಸವೆದ ಜಾಗದಲ್ಲಿ ಉಬ್ಬಿಕೊಳ್ಳುತ್ತದಲ್ಲ, ಹಾಗೆ. ವೈದ್ಯರು ಇದಕ್ಕೆ ಅನ್ಯೂರಿಸಮ್ ಅನ್ನುತ್ತಾರೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಇದು ಇರುತ್ತದೆ, ಅದರಲ್ಲೂ ಹೆಂಗಸರಿಗೇ ಹೆಚ್ಚು. ಬಹಳ ಜನಕ್ಕೆ ಅದು ಇದ್ದದ್ದೇ ತಿಳಿಯುವುದಿಲ್ಲ.

ನಮ್ಮ ನಾದಿನಿಗೆ ಸಿಕ್ಕಿದ್ದು 3 ಮಿಲಿಮೀಟರಿನದು, ಕೊತ್ತಂಬರಿ ಕಾಳಿನಷ್ಟು. "ಈಗ ಮುಟ್ಟುವುದು ಬೇಡ, ಆಗಾಗ ಸ್ಕ್ಯಾನ್ ಮಾಡಿ ನೋಡ್ತಿರೋಣ" ಅಂದರು ಡಾಕ್ಟರು. ನಮ್ಮತ್ತೆಗೆ ಸಿಟ್ಟು ಬಂತು. "ಸೆರಗಲ್ಲಿ ಕೆಂಡ ಕಟ್ಕೊಂಡು ಕೂತ್ಕೋ ಅಂತಾರಲ್ಲ! ನನ್ನ ಬಳೆ ಮಾರಿಯಾದ್ರೂ ಮಾಡಿಸೋಣ" ಅಂದರು. ಹೆತ್ತ ಕರುಳು, ತಪ್ಪೇನು?

ಆದರೆ ಆ ಚಿಕಿತ್ಸೆ ಎಂಥದ್ದು ಅಂತ ತಿಳಿದುಕೊಳ್ಳಬೇಕು. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ, ಮೆದುಳಿನವರೆಗೂ ಒಯ್ದು, ಉಬ್ಬಿನೊಳಗೆ ಕೂದಲೆಳೆಯಂಥ ಪ್ಲಾಟಿನಂ ಸುರುಳಿ ತುಂಬುತ್ತಾರೆ. ಇಟಲಿಯ ಡಾಕ್ಟರ್ ಗುಗ್ಲಿಯೆಲ್ಮಿ ಈ ಸುರುಳಿಯನ್ನು 1990ರಲ್ಲಿ ಅಮೆರಿಕದಲ್ಲಿ ಮೊದಲು ಬಳಸಿದರು. ತಲೆಬುರುಡೆ ತೆರೆಯುವ ಗೋಜಿಲ್ಲ, ಹಾಗಾಗಿ ಸಲೀಸು ಅನ್ನಿಸುತ್ತದೆ. ತಮಾಷೆ ಎಂದರೆ, ಉಬ್ಬು ಚಿಕ್ಕದಿದ್ದಷ್ಟೂ ಕೈ ಆಡಿಸಲು ಜಾಗವಿಲ್ಲ. ನಳಿಕೆಯ ತುದಿ ಒಂದಿಷ್ಟು ಮುಂದೆ ಜಾರಿದರೂ ಈರುಳ್ಳಿ ಪೊರೆಯಂಥ ಗೋಡೆ ಒಡೆಯಬಹುದು. ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2010ರಲ್ಲಿ ಲೆಕ್ಕ ಹಾಕಿದಾಗ, 3 ಮಿಲಿಮೀಟರ್ ಒಳಗಿನ, ಮೊದಲು ಒಡೆಯದಿದ್ದ ಉಬ್ಬುಗಳಲ್ಲೂ ನೂರಕ್ಕೆ ಸುಮಾರು 5 ಚಿಕಿತ್ಸೆಯ ಹೊತ್ತಿನಲ್ಲೇ ಒಡೆದಿದ್ದವು. ಒಡೆದರೆ ಕೂಡಲೇ ಪುಟ್ಟ ಬಲೂನು ಊದಿಸಿ ರಕ್ತ ತಡೆಯುತ್ತಾರೆ, ಸುರುಳಿ ತುಂಬಿ ಮುಚ್ಚುತ್ತಾರೆ. ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ, ಎಲ್ಲರೂ ಅಲ್ಲ.

ಸುಮ್ಮನೆ ಬಿಟ್ಟರೆ? 2003ರ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಹಿಂದೆ ರಕ್ತಸ್ರಾವವಾಗಿರದವರ ಮೆದುಳಿನ ಮುಂಭಾಗದ ನಾಳಗಳಲ್ಲಿ 7 ಮಿಲಿಮೀಟರಿಗಿಂತ ಚಿಕ್ಕ ಉಬ್ಬು 5 ವರ್ಷದಲ್ಲಿ ಒಡೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಡಾಕ್ಟರು ತಕ್ಕಡಿಯಲ್ಲಿ ತೂಗುವುದು ಇದನ್ನೇ. ಹಿಂಭಾಗದ ನಾಳದಲ್ಲಿದ್ದರೆ, ಆಕಾರ ವಕ್ರವಾಗಿದ್ದರೆ, ಬೆಳೆಯುತ್ತಿದ್ದರೆ, ಒಡಹುಟ್ಟಿದವರಿಗೆ ಹೀಗೆ ಒಡೆದಿದ್ದರೆ ತೂಕ ಬೇರೆಯಾಗುತ್ತದೆ. ಎಷ್ಟು ಮಿಲಿಮೀಟರ್, ಎಲ್ಲಿದೆ, ಇಷ್ಟು ಚಿಕ್ಕದ್ದನ್ನು ನೀವು ಎಷ್ಟು ಸಲ ಮಾಡಿದ್ದೀರಿ, ಎಲ್ಲಾ ಕೇಳಿ. ಸಂಕೋಚ ಬೇಡ.

ನಾದಿನಿ ರಕ್ತದೊತ್ತಡದ ಮಾತ್ರೆ ತಪ್ಪಿಸುವುದಿಲ್ಲ. ಬೀಡಿ, ಸಿಗರೇಟು ಸೇದುವವರಾದರೆ ಬಿಡಲೇಬೇಕು. ಅತ್ತೆಯವರ ಬಳೆ ಸದ್ಯಕ್ಕೆ ಕೈಯಲ್ಲೇ ಇದೆ, ಮನಸ್ಸು ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ.

ಈ ಕಾಯುವ ಮಾತು ಒಡೆಯದ ಉಬ್ಬಿಗೆ ಮಾತ್ರ ಕಣ್ರೀ. ಜನ್ಮದಲ್ಲಿ ಕಂಡಿರದಂಥ ತಲೆನೋವು ಸಿಡಿಲು ಹೊಡೆದಂತೆ ಬಂದು, ವಾಂತಿಯಾಗಿ, ಕತ್ತು ಬಿಗಿದರೆ ಶುಂಠಿಗಂಧ ಹಚ್ಚಿ ಮಲಗಿಸಬೇಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಹೊರಡಿ, ರಾತ್ರಿಯಾದರೂ ಸರಿ. ಒಮ್ಮೆ ಒಡೆದದ್ದು ಮತ್ತೆ ಒಡೆದರೆ ಜೀವಕ್ಕೇ ಕುತ್ತು. ಆಗ ಉಬ್ಬು ಎಷ್ಟೇ ಚಿಕ್ಕದಿರಲಿ, ಆ ಅಪಾಯ ಎದುರಿಸಿಯೇ ಬೇಗ ಮುಚ್ಚಿಸಬೇಕಾಗುತ್ತದೆ.