ಸಲಹೆಯೋ, ಆಜ್ಞೆಯೋ?

ಕರಡುಪ್ರತಿಗೂ ಆಜ್ಞೆಗೂ ಇರುವ ಅಂತರವು ಕಚೇರಿಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಹೊಸತಲ್ಲ. ಮೇಲಧಿಕಾರಿಯ ರುಜು ಬೀಳುವವರೆಗೆ ಕರಡು ಕರಡೇ. ಈ ಅಂತರವನ್ನು ಅನೇಕರು ಮರೆತ ಕಾರಣ 2025ರ ಜೂನ್ ತಿಂಗಳಲ್ಲಿ ಗಣಕಯಂತ್ರದ ಲೋಕದಲ್ಲಿ ದೊಡ್ಡ ಗದ್ದಲವೆದ್ದಿತು.

ಫೆಡೋರಾ ಎಂಬುದು ಗಣಕಯಂತ್ರವನ್ನು ನಡೆಸುವ ಲಿನಕ್ಸ್ ವರ್ಗದ ತಂತ್ರಾಂಶ. ಅಮೆರಿಕೆಯ ರೆಡ್ ಹ್ಯಾಟ್ ಕಂಪನಿಯ ಆಶ್ರಯ ಅದಕ್ಕಿದ್ದರೂ, ಅದರ ಮೂಲಪಾಠವು ಸರ್ವರಿಗೂ ತೆರೆದಿದೆ. ನಾನಾ ದೇಶಗಳ ಸ್ವಯಂಸೇವಕರು ಅದನ್ನು ಬೆಳೆಸುತ್ತಾರೆ. ಅದರಲ್ಲಿ ಮುಖ್ಯವಾದ ಬದಲಾವಣೆಯನ್ನು ಬಯಸುವವನು ಮೊದಲು ತನ್ನ ಸಲಹೆಯನ್ನು ಬರೆದು ಬಹಿರಂಗಪಡಿಸಿ ಜನಾಭಿಪ್ರಾಯವನ್ನು ಕೇಳತಕ್ಕದ್ದು. ಬಳಿಕ ಒಂಬತ್ತು ಮಂದಿ ಚುನಾಯಿತ ಸದಸ್ಯರ ತಾಂತ್ರಿಕ ಸಮಿತಿಯು ತೀರ್ಮಾನಿಸುತ್ತದೆ. ಸಮಿತಿಯು ಒಪ್ಪಿದರೆ ಮಾತ್ರ ಜಾರಿಗೆ ಬರುವುದೆಂಬ ಸೂಚನೆಯೂ ಸಲಹೆಯೊಡನೆ ಇರುತ್ತದೆ.

32 ಬಿಟ್ಟಿನ ಹಳೆಯ ಯಂತ್ರಗಳನ್ನು ಫೆಡೋರಾ 2019ರಲ್ಲಿಯೇ ಕೈಬಿಟ್ಟಿತ್ತು. ಆದರೂ ಹಳೆಯ ತಂತ್ರಾಂಶಗಳು ಹೊಸ ಯಂತ್ರಗಳಲ್ಲಿ ನಡೆಯಲೆಂದು 32 ಬಿಟ್ಟಿನ ಕೆಲವು ಭಾಗಗಳನ್ನು ಉಳಿಸಿಕೊಂಡಿತ್ತು. ಇವುಗಳ ಪೋಷಣೆಯು ಹೊರೆಯಾಗಿದೆ, 44ನೆಯ ಆವೃತ್ತಿಯಿಂದ ಬಿಟ್ಟುಬಿಡೋಣ ಎಂಬುದೇ ಆ ಸಲಹೆ. ಆದರೆ ಗಣಕಯಂತ್ರದ ಆಟಗಳನ್ನು ಒದಗಿಸುವ ಸ್ಟೀಮ್ ತಂತ್ರಾಂಶವು ಆಗ ಆ ಭಾಗಗಳನ್ನೇ ನೆಚ್ಚಿಕೊಂಡಿತ್ತು. ಫೆಡೋರಾವನ್ನು ಆಧರಿಸಿ ಆಟಗಾರರಿಗಾಗಿ ರೂಪಿಸಿದ ಬಜೈಟ್‌ನ ಸ್ಥಾಪಕರು, ಹಾಗಾದರೆ ತಮ್ಮ ಯೋಜನೆಯನ್ನೇ ಮುಚ್ಚಬೇಕಾದೀತೆಂದರು. ಫೆಡೋರಾ ನಿಶ್ಚಯಿಸಿಯೇ ಬಿಟ್ಟಿತೆಂದು ತಿಳಿದವರ ಕೋಪವೂ ಅದಕ್ಕೆ ಸೇರಿತು. ಕೆಲವೇ ದಿನಗಳಲ್ಲಿ ಸಲಹೆಯನ್ನು ಹಿಂತೆಗೆದುಕೊಳ್ಳಲಾಯಿತು.

ಇದನ್ನು ಜನರ ಜಯವೆಂದೂ ಫೆಡೋರಾದ ಸೋಲೆಂದೂ ಬಗೆದವರುಂಟು. ಎರಡೂ ತಪ್ಪು. ಆಕ್ಷೇಪಗಳಲ್ಲಿ ಹುರುಳಿತ್ತು, ಅಂತಹವನ್ನು ಕೇಳಲೆಂದೇ ಸಲಹೆಯನ್ನು ಬಹಿರಂಗಪಡಿಸಿದ್ದು. ಸಮಿತಿಯ ಮುಂದೆ ಮತಕ್ಕೆ ಬರುವ ಮೊದಲೇ ದೋಷವು ತಿಳಿದುಬಂದಿತೆಂದರೆ ಪದ್ಧತಿಯು ತನ್ನ ಕೆಲಸವನ್ನು ಮಾಡಿತೆಂದೇ ಅರ್ಥ.

ಬಳಸುವವರದೇ ಸಂಪೂರ್ಣ ತಪ್ಪೆನ್ನುವಂತಿಲ್ಲ. ಬೆಂಬಲವನ್ನು ಕೈಬಿಡುವುದು ಎಂದು ತಲೆಬರಹ ಕೊಟ್ಟರೆ, ಒಳಗಿನ ನಿಯಮಗಳನ್ನರಿಯದವನು ಅದನ್ನು ಆಜ್ಞೆಯೆಂದೇ ಓದಿಕೊಳ್ಳುವನು. ಸಲಹೆಯೆಂಬ ಮಾತು ಎದ್ದು ಕಾಣುವಂತೆ ಬರೆಯುವುದು ಬರೆಯುವವರ ಹೊಣೆ.

ಆದರೆ ಬೈಗುಳಕ್ಕೆ ಬೆಲೆ ತೆರಬೇಕಾದವರು ಕೊನೆಗೆ ಬಳಸುವವರೇ. ಬಹಿರಂಗವಾಗಿ ಯೋಚಿಸಿದವನಿಗೆ ನಿಂದೆಯೇ ಪ್ರತಿಫಲವಾದರೆ, ಮುಂದೆ ಅವನು ಬಾಗಿಲು ಮುಚ್ಚಿಕೊಂಡು ಯೋಚಿಸುವನು. ಆಗ ಕರಡು ಯಾರ ಕಣ್ಣಿಗೂ ಬೀಳದು, ಆಜ್ಞೆಯೊಂದೇ ಹೊರಬಿದ್ದೀತು. ಆದುದರಿಂದ ಇಂತಹ ಸುದ್ದಿಯನ್ನು ಓದಿದಾಗ, ಇದನ್ನು ಒಪ್ಪಿದವರು ಯಾರು, ಆಕ್ಷೇಪಕ್ಕೆ ಇನ್ನೂ ಅವಕಾಶವಿದೆಯೆ ಎಂದು ಮೊದಲು ವಿಚಾರಿಸುವುದು ಲೇಸು. ಅವಕಾಶವಿದ್ದಲ್ಲಿ ಕಾರಣಸಹಿತವಾದ ಒಂದು ಮಾತು ನೂರು ಬೈಗುಳಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.